ಕಿವಿಯಜ್ಜನ ದೋಣಿಗೆ ಕಂಚಿನ ಕಿವಿ

ಬಂದರಿನಲ್ಲಿ ರೇಡಿಯೋ ಅಕ್ಕನ ಅಂಗಡಿ ಎಲ್ಲಿ ಎಂದು ಕೇಳಿ ನೋಡಿ, ಯಾರೂ ಬಾಯಲ್ಲಿ ದಾರಿ ಹೇಳುವುದಿಲ್ಲ. ಜೊತೆಗೇ ಬಂದು ಬಾಗಿಲವರೆಗೆ ಬಿಡುತ್ತಾರೆ. ಪರೋಪಕಾರವೇನೂ ಅಲ್ಲ ಬಿಡಿ. ಬಂದ ನೆಪದಲ್ಲಿ ತಮ್ಮದೂ ಒಂದು ಕೆಟ್ಟ ಟಾರ್ಚನ್ನೋ ಚಾರ್ಜರನ್ನೋ ಮೇಜಿನ ಮೇಲಿಟ್ಟು, "ಪುರುಸೊತ್ತಾದಾಗ ನೋಡಕ್ಕಾ" ಎಂದು ಜಾರಿಕೊಳ್ಳಬಹುದಲ್ಲ, ಅದಕ್ಕೆ.

ಮಂಜುಗಡ್ಡೆ ಕಾರ್ಖಾನೆಯ ಗೋಡೆಗೂ ಹಗ್ಗದ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಕೋಣೆ ಅದು. ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ. ಅವಳ ಅಪ್ಪ ಅಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಶಾಲೆ ಬಿಟ್ಟ ಕೂಡಲೇ ಅವಳು ಅಪ್ಪನ ಪಕ್ಕದ ಸ್ಟೂಲಿನಲ್ಲಿ ಹಾಜರು. ರೇಡಿಯೋದೊಳಗೆ ಎಲ್ಲೋ ಸಣ್ಣಗೆ ಗುಂಯ್‌ಗುಡುವ ಸದ್ದು ಬಂದರೆ, ಅಪ್ಪ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಪೆಟ್ಟಿಗೆಗೆ ಒತ್ತಿ, ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ಕೂರುತ್ತಿದ್ದರು. "ಕಿವಿ ಗಾಳೀಲಿ ಬಂದದ್ದನ್ನ ಕೇಳತ್ತೆ ಮಗಳೇ, ಹಲ್ಲು ವಸ್ತುವನ್ನೇ ಕೇಳತ್ತೆ" ಎನ್ನುತ್ತಿದ್ದರು. ಅಪ್ಪ ಹೋದ ಮೇಲೂ ಆ ಸ್ಕ್ರೂಡ್ರೈವರ್ ಅವಳ ಬಳಿಯೇ ಉಳಿಯಿತು. ಹಿಡಿಯ ಮೇಲೆ ಇಬ್ಬರ ಹಲ್ಲಿನ ಗುರುತುಗಳೂ ಇವೆ.

ಆಮೇಲೆ ರೇಡಿಯೋಗಳ ಕಾಲ ಮುಗಿಯಿತು, ಮೀನು ತೋರಿಸುವ ಯಂತ್ರಗಳ ಕಾಲ ಬಂತು. ಕಾಲಕ್ಕೆ ತಕ್ಕ ಕೋಲ ಎಂದು ಅವಳೂ ಬಂದರಿನ ದೋಣಿಗಳಿಗೆ ಫಿಶ್ ಫೈಂಡರ್ ಕೂರಿಸಲು ಶುರುಮಾಡಿದಳು. ಒಂದಲ್ಲ ಎರಡಲ್ಲ, ನಲವತ್ತೊಂದು ದೋಣಿಗಳಿಗೆ ಕೂರಿಸಿದ್ದಳು. ಎಲ್ಲರಿಗೂ ಅವಳು ಹೇಳುವ ಮೊದಲ ಪಾಠ ಒಂದೇ: "ಪರದೆ ನೋಡಿ ಮರುಳಾಗ್ಬೇಡಿ, ಅದು ಬರೀ ಸ್ಲೇಟು. ಕೆಲ್ಸ ಮಾಡೋದು ನೀರಲ್ಲಿ ಮುಳುಗಿರೋ ಟ್ರಾನ್ಸ್‌ಡ್ಯೂಸರ್. ಕೂಗೋ ಬಾಯೂ ಅದೇ, ಮರುದನಿ ಕೇಳೋ ಕಿವೀನೂ ಅದೇ. ಅದನ್ನ ತಪ್ಪಾಗಿ ಆರಿಸಿದ್ರೆ, ತಪ್ಪು ಜಾಗದಲ್ಲಿ ಕೂರಿಸಿದ್ರೆ, ಗೋಡೆಯಷ್ಟು ದೊಡ್ಡ ಪರದೆ ಇದ್ರೂ ಕುರುಡೇ."

ನಲವತ್ತೊಂದು ಎಂದೆನಲ್ಲ, ಅದರಲ್ಲಿ ಅವಳ ಮನೆಯ ದೋಣಿ ಇರಲಿಲ್ಲ. ದೀಪದ ಕೆಳಗೇ ಕತ್ತಲೆ. ಕಾರಣ ಅವಳ ಮಾವ.

ಮಾವನನ್ನು ಬಂದರಿನವರು ಕರೆಯುವುದು ಕಿವಿಯಜ್ಜ ಎಂದು. ಎಪ್ಪತ್ತು ದಾಟಿದ ಮನುಷ್ಯ, ಒಂದು ಹಲ್ಲೂ ಬಿದ್ದಿಲ್ಲ. ಈಗಲೂ ನೈಲಾನ್ ದಾರವನ್ನು ಹಲ್ಲಿನಲ್ಲೇ ಕತ್ತರಿಸಿ, ಬಾಟಲಿ ಮುಚ್ಚಳವನ್ನು ಹಲ್ಲಿನಲ್ಲೇ ತೆಗೆದು ಹೆಂಡತಿಯಿಂದ ಬೈಸಿಕೊಳ್ಳುತ್ತಾರೆ. ಆದರೆ ಅವರ ಹೆಸರಿಗೆ ಹಲ್ಲು ಕಾರಣವಲ್ಲ. ನಡುನೀರಿನಲ್ಲಿ ಇಂಜಿನ್ ನಿಲ್ಲಿಸಿ, ಹುಟ್ಟನ್ನು ನೀರಿಗೆ ಇಳಿಬಿಟ್ಟು, ಮೇಲಿನ ತುದಿಗೆ ಕಿವಿ ಆನಿಸಿ ಕೂರುತ್ತಿದ್ದರು. ನೀರಿನೊಳಗೆ ಗೊರಗೊರ ಸದ್ದು ಮಾಡುತ್ತಾ ಗುಂಪಾಗಿ ಸಾಗುವ ಒಂದು ಜಾತಿಯ ಮೀನಿದೆ, ಬಂದರಿನವರು ಗೊರಕೆ ಮೀನು ಎನ್ನುತ್ತಾರೆ. ಅಜ್ಜ ಒಂದು ಗಳಿಗೆ ಕೇಳಿ, "ಬಲಕ್ಕೆ, ಸ್ವಲ್ಪ ಮುಂದೆ" ಎಂದರೆ ಮುಗಿಯಿತು, ಬಲೆ ಅಲ್ಲಿಯೇ ಬೀಳಬೇಕು. ಸೊಸೆ ಊರಿಗೆಲ್ಲ ಯಂತ್ರ ಕೂರಿಸುವುದನ್ನು ನೋಡಿ, "ಕೂರ್ಸಮ್ಮಾ ಕೂರ್ಸು, ಕಿವಿ ಇಲ್ದೋರಿಗೆ ಅದಾದ್ರೂ ಇರ್ಲಿ" ಎಂದು ಮೀಸೆಯಲ್ಲೇ ನಗುತ್ತಿದ್ದರು.

ಆ ನಗು ಈ ವರ್ಷ ನಿಂತಿತ್ತು. ಮೂರು ವಾರ ಸತತ ಬಲೆ ಖಾಲಿ. ಅಜ್ಜ ಬಲಕ್ಕೆ ಎಂದರೆ ಬಲಕ್ಕೆ ಏನೂ ಇಲ್ಲ, ಎಡಕ್ಕೆ ಎಂದರೆ ಎಡಕ್ಕೂ ಇಲ್ಲ. ಯಾಕೆ ಎಂಬುದು ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಒಂದು ದಿನ ಮಾವ ಅಂಗಡಿಯಲ್ಲಿ ಕೂತಿದ್ದಾಗ ಅವಳು ಒಂದು ಸ್ಪೀಕರ್ ಪರೀಕ್ಷೆ ಮಾಡುತ್ತಿದ್ದಳು. ಅದು ಒಮ್ಮೆಲೇ ಕಿರ್ರೆಂದು ಕಿರುಚಿ, ಕಪಾಟಿನ ಮೇಲೆ ಮಲಗಿದ್ದ ಬೆಕ್ಕು ಎದ್ದುಬಿದ್ದು ಬೀದಿಗೆ ಓಡಿತು. ಮಾವ ಮಾತ್ರ ಅಲುಗಾಡದೆ ಚಹಾ ಕುಡಿಯುತ್ತಿದ್ದರು. ಅವಳು ಕೆಲಸ ನಿಲ್ಲಿಸಿ ಅವರ ಮುಖ ನೋಡಿದಳು. ಅವರು ಲೋಟ ಕೆಳಗಿಟ್ಟರು.

"ಕಿವಿ ಕೇಳ್ದೆ ಒಂದು ವರ್ಷ ಆಯ್ತಮ್ಮ, ಇಷ್ಟು ದಿನ ಹೇಗೋ ಅಂದಾಜಲ್ಲೇ ತಳ್ದೆ" ಎಂದರು. "ಡಾಕ್ಟ್ರ ಹತ್ರ ಕದ್ದು ಹೋಗಿ ಬಂದೆ. ಒಳಗಿನ ನರ ಗಟ್ಟಿಯಾಗೇ ಇದೆಯಂತೆ, ನಡುವಿನ ಸಣ್ಣ ಮೂಳೆ ಜಡ ಆಗಿದೆಯಂತೆ. ಕಿವಿಗೆ ಮಿಷನ್ ಹಾಕ್ಕೊಳ್ಳಿ ಅಂದ್ರು. ಕಿವಿಯಜ್ಜ ಕಿವಿಗೆ ಮಿಷನ್ ಹಾಕ್ಕೊಂಡ ಅಂದ್ರೆ ಬಂದರೆಲ್ಲ ನಗಲ್ವಾ. ನಿನ್ ಗಂಡಂಗೆ ಹೇಳ್ಬೇಡ. ಗೊತ್ತಾದ್ರೆ ಅವ್ನು ನನ್ನ ದಡದಲ್ಲಿ ಕೂರಿಸ್ತಾನೆ. ದಡದಲ್ಲಿ ಕೂತು ನಾನೇನು ಮಾಡ್ಲಿ, ಕಾಗೆ ಎಣಿಸ್ಲಾ?"

ಗಂಡನೇನೂ ಕೆಟ್ಟವನಲ್ಲ, ಅಪ್ಪನೆಂದರೆ ಪ್ರಾಣ. ಆದರೆ ಮೂರು ವಾರ ಖಾಲಿ ಬಲೆ ಎಳೆದವನಿಗೆ ತಾಳ್ಮೆ ಎಷ್ಟು ಉಳಿದೀತು. ಅಪ್ಪನಿಗೆ ವಯಸ್ಸಾಯಿತು, ಮಂಕಾಗುತ್ತಿದ್ದಾರೆ ಎಂದೇ ಅವನು ತಿಳಿದಿದ್ದ. ದೋಣಿ ತಳದ ಕೆಲಸಕ್ಕೆಂದು ದಡಕ್ಕೆ ಬಂದಿತ್ತು. ಊಟಕ್ಕೆ ಕೂತಾಗ ಅವನು ತಟ್ಟೆ ನೋಡುತ್ತಲೇ ಹೇಳಿದ: "ಭಾನುವಾರ ದೋಣಿ ನೀರಿಗಿಳಿಯತ್ತೆ. ಅವತ್ತೊಂದು ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಸೋಮವಾರದಿಂದ ಅಪ್ಪ ಬಲೆ ಶೆಡ್ಡಲ್ಲಿ ಆರಾಮಾಗಿರ್ಲಿ."

ಅಜ್ಜ ಕೇಳಿಸದಂತೆ ಕೂತಿದ್ದರು. ನಿಜಕ್ಕೂ ಕೇಳಿಸಿರಲಿಲ್ಲ. ಆದರೆ ಹೆಂಡತಿಯ ಮುಖ ಬಾಡಿದ್ದನ್ನು ನೋಡಿಯೇ ಅವರಿಗೆ ಎಲ್ಲ ಅರ್ಥವಾಯಿತು. ಮರುದಿನ ಬೆಳಿಗ್ಗೆ ಸೊಸೆಯ ಅಂಗಡಿಯ ಮುಂದೆ ನಿಂತಿದ್ದರು.

"ನಲವತ್ತೆರಡನೇದು ಕೂರ್ಸು" ಎಂದರು.

ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ತೋರಿಸಿಕೊಳ್ಳಲಿಲ್ಲ ಅಷ್ಟೆ. ಪಟ್ಟಣದ ಅಂಗಡಿಗೆ ಇಬ್ಬರೂ ಹೋದರು. ಅಲ್ಲಿನ ಮಾರಾಟಗಾರ ಬಾಯಿಗೆ ಬೀಗವಿಲ್ಲದ ಮನುಷ್ಯ. ಎಲ್ಲಕ್ಕಿಂತ ದೊಡ್ಡ ಟ್ರಾನ್ಸ್‌ಡ್ಯೂಸರ್ ಎತ್ತಿ ಮೇಜಿನ ಮೇಲಿಟ್ಟು, ಇದು ಸಾವಿರ ಮಾರು ಆಳದ ಮೀನನ್ನೂ ತೋರಿಸುತ್ತದೆ ಎಂದ.

"ನಮ್ ನೀರಿರೋದೇ ಇಪ್ಪತ್ತು ಮಾರು" ಎಂದಳು ಅವಳು. "ಉಳಿದ ಒಂಬೈನೂರ ಎಂಬತ್ತನ್ನ ಎಲ್ಲಿ ಹುಡುಕ್ಲಿ?"

ಮಾವನನ್ನು ಪಕ್ಕಕ್ಕೆ ಕರೆದು, ಅವರ ಕಣ್ಣೆದುರು ಬಾಯಿ ಅಗಲಿಸಿ ನಿಧಾನವಾಗಿ ವಿವರಿಸಿದಳು. ದಪ್ಪ ದನಿಯಲ್ಲಿ ಕೂಗುವ ಟ್ರಾನ್ಸ್‌ಡ್ಯೂಸರ್ ಬಹಳ ಆಳಕ್ಕೆ ಹೋಗುತ್ತದೆ, ಅಗಲಕ್ಕೆ ಹರಡುತ್ತದೆ, ಆದರೆ ಹತ್ತು ಮೀನನ್ನು ಒಂದೇ ಮುದ್ದೆ ಮಾಡಿ ತೋರಿಸುತ್ತದೆ. ಕೀರಲು ದನಿಯದು ಆಳಕ್ಕೆ ಹೋಗದು, ಆದರೆ ಒಂದೊಂದು ಮೀನನ್ನೂ ಬಿಡಿಬಿಡಿಯಾಗಿ ಹೇಳುತ್ತದೆ. ಇಪ್ಪತ್ತು ಮಾರು ನೀರಿಗೆ ಕೀರಲು ದನಿಯದೇ ಸರಿ. ಮೈ ಪ್ಲಾಸ್ಟಿಕ್ಕಿನದು ಬೇಡ, ಕಂಚಿನದೇ ಬೇಕು. ಮರದ ದೋಣಿ ನೀರು ಕುಡಿದು ಉಬ್ಬಿದಾಗ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಕಂಚು ತಡೆದುಕೊಳ್ಳುತ್ತದೆ.

"ಕೀರಲು ದನಿ, ಕಂಚಿನ ಮೈ" ಎಂದು ಮಾವ ತಲೆಯಾಡಿಸಿದರು. "ನಿಮ್ಮತ್ತೆ ಇದ್ದ ಹಾಗೇ ಇದೆ. ತಗೋ."

ಯಂತ್ರ ಮನೆಗೆ ಬಂತು, ಮುಂದಿನ ಪ್ರಶ್ನೆ ಜಾಗದ್ದು. ನೀರಿನ ಗುಳ್ಳೆ ಮುಖಕ್ಕೆ ಹೊಡೆದರೆ ಟ್ರಾನ್ಸ್‌ಡ್ಯೂಸರಿಗೆ ಏನೂ ಕೇಳಿಸುವುದಿಲ್ಲ. ಬೇರೆಯವರ ದೋಣಿಯಾದರೆ ಅವಳು ಅಳತೆಪಟ್ಟಿ ಹಿಡಿದು ಅರ್ಧ ದಿನ ತಳದಡಿ ಮಲಗಿ ಲೆಕ್ಕ ಹಾಕುತ್ತಿದ್ದಳು. ಇಲ್ಲಿ ಮಾವ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಅಂಗೈಯನ್ನು ಹಲಗೆಗೆ ಒತ್ತಿ ಮುಂದಿನಿಂದ ಹಿಂದಕ್ಕೆ ಸವರುತ್ತಾ ಹೋದರು.

"ಇಲ್ಲಿ ಬೇಡ, ಮುಂದೆ ಪೈಪಿದೆ, ನೀರು ಗೊಣಗತ್ತೆ. ಇಲ್ಲೂ ಬೇಡ, ಇದು ನೀರು ತಳ್ಳೋ ಫ್ಯಾನಿಗೆ ಹತ್ರ, ಗುಳ್ಳೆ ಏಳತ್ತೆ." ಇನ್ನೊಂದು ಮೊಳ ಸವರಿ ಕೈ ನಿಲ್ಲಿಸಿದರು. "ಇಲ್ಲಿ ನೀರು ಸುಮ್ನೆ ಹೋಗತ್ತೆ. ದೋಣಿ ಎಷ್ಟೇ ಓಡ್ಲಿ, ಇಲ್ಲಿ ತಕರಾರಿಲ್ಲ."

ಅವಳು ಅಳತೆಪಟ್ಟಿ ಹಿಡಿದು ನೋಡಿದಳು. ತಾನು ಹೇಳಬೇಕೆಂದಿದ್ದ ಜಾಗಕ್ಕೂ ಅದಕ್ಕೂ ನಾಲ್ಕು ಬೆರಳು ವ್ಯತ್ಯಾಸ. ಪೆನ್ಸಿಲಿನಲ್ಲಿ ಮಾವ ತೋರಿಸಿದ ಕಡೆಯೇ ಗುರುತು ಹಾಕಿದಳು.

ತೂತು ಕೊರೆಯುವ ಹೊತ್ತಿಗೆ ಮಾವ ನಾಪತ್ತೆ. ನಲವತ್ತು ವರ್ಷ ಒಂದು ಹನಿ ನೀರು ಒಳಗೆ ಬಿಡದ ದೋಣಿಗೆ ಸೊಸೆಯೇ ತೂತು ಹಾಕುವುದನ್ನು ನೋಡಲಾರದೆ, ಬಲೆ ಶೆಡ್ಡಿನ ಹಿಂದೆ ಹೋಗಿ ನಿಂತಿದ್ದರು. ಬುತ್ತಿ ತಂದ ಅತ್ತೆ ನೋಡಿ ಬಂದು ವರದಿ ಒಪ್ಪಿಸಿದರು: "ಮಗಳನ್ನ ಮದುವೆ ಮಾಡಿ ಕಳಿಸ್ದಾಗ್ಲೂ ಈ ಮನುಷ್ಯನ ಕಣ್ಣಲ್ಲಿ ಇಷ್ಟು ನೀರು ಬಂದಿರ್ಲಿಲ್ಲ ಕಣೇ."

ದೋಣಿಯ ತಳ ಓರೆ, ಟ್ರಾನ್ಸ್‌ಡ್ಯೂಸರಿನ ಮುಖ ಮಾತ್ರ ನೆಟ್ಟಗೆ ಕೆಳಗೆ ನೋಡಬೇಕು. ಅದಕ್ಕೆ ಅವಳು ಒಂದು ಮರದ ಬೆಣೆ ಕೆತ್ತಿದಳು. ಮೂರು ಸಲ ಇಟ್ಟು ನೋಡಿ, ಮೂರು ಸಲ ಉಜ್ಜಿ, ನಾಲ್ಕನೆಯ ಸಲ ಬೆರಳಿಗೆ ಸಂದು ಸಿಗದಂತೆ ಕೂರಿಸಿದಳು. ವೈರನ್ನು ಇಂಜಿನ್ನಿನ ವೈರುಗಳಿಂದ ದೂರವೇ ಒಯ್ದಳು, ಹತ್ತಿರವಿದ್ದರೆ ಪರದೆಯ ಮೇಲೆ ಇಲ್ಲದ ಮಳೆ ಸುರಿಯುತ್ತದೆ. ಉದ್ದ ಮಿಕ್ಕಿದ್ದನ್ನು ಕತ್ತರಿಸದೆ ಸುರುಳಿ ಸುತ್ತಿ ಕಟ್ಟಿದಳು. ಶನಿವಾರ ಮಧ್ಯಾಹ್ನ ಕೆಲಸ ಮುಗಿಯಿತು. ಬೆನ್ನು ನೆಟ್ಟಗೆ ಮಾಡಿ, ಇಷ್ಟು ಚೆಂದದ ಕೆಲಸ ನಲವತ್ತೊಂದರಲ್ಲಿ ಒಂದೂ ಆಗಿರಲಿಲ್ಲ ಎಂದುಕೊಂಡಳು. ಮನೆಗೆ ಹೋಗಿ ಬಿದ್ದು ನಿದ್ದೆ ಹೊಡೆದಳು. ಅಲ್ಲಿಯೇ ಎಡವಿದ್ದು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ದೋಣಿ ನೀರಿನಲ್ಲಿತ್ತು. ದೋಣಿಯಲ್ಲಿ ನಾಲ್ವರು: ಚುಕ್ಕಾಣಿಯಲ್ಲಿ ಗಂಡ, ಇಂಜಿನ್ ಹತ್ತಿರ ಡ್ರೈವರಣ್ಣ, ಪರದೆಯ ಮುಂದೆ ಅವಳು, ಅವಳ ಹೆಗಲ ಹಿಂದೆ ಮಾವ. ಬಿಸಿಲು ಹಿತವಾಗಿತ್ತು, ನೀರು ತಟ್ಟೆಯಂತೆ ಸಮವಾಗಿತ್ತು. ಹತ್ತು ಮಾರು ನೀರು ದಾಟಿದ ಮೇಲೆ ಅವಳು ಗುಂಡಿ ಒತ್ತಿದಳು.

ಪರದೆ ಬೆಳಗಿತು. ಬೆಳಗಿತು, ಅಷ್ಟೆ. ಆಳದ ಅಂಕಿ ಇರಬೇಕಾದ ಜಾಗದಲ್ಲಿ ಎರಡು ಗೀಟು ಮಿಣಮಿಣ. ತಳ ಕಾಣಬೇಕಾದಲ್ಲಿ ಹಿಟ್ಟು ಚೆಲ್ಲಿದಂತೆ ಬರೀ ಚುಕ್ಕಿ. ಅವಳು ಗುಂಡಿಗಳಿಗೆ ಕೈ ಹಾಕಿದಳು. ಅದುಮಿದಳು, ತಿರುಗಿಸಿದಳು, ಆರಿಸಿ ಹಾಕಿದಳು. ಊಹೂಂ. ಮೀನಿರಲಿ, ಸಮುದ್ರಕ್ಕೆ ತಳವೇ ಇಲ್ಲ ಎನ್ನುತ್ತಿತ್ತು ಯಂತ್ರ.

ಗಂಡನ ಮುಖದಲ್ಲಿ ಸೋಮವಾರ ಬರೆದಿತ್ತು. ಮಾವ ಮಗನ ಮುಖವನ್ನೇ ನೋಡುತ್ತಿದ್ದರು.

"ಇಂಜಿನ್ ಆಫ್ ಮಾಡಿ ಅಣ್ಣ" ಎಂದಳು ಅವಳು. ಹಲಗೆ ಎತ್ತಿ ದೋಣಿಯ ಹೊಟ್ಟೆಯೊಳಗೆ ಇಳಿದಳು. ವೈರು ಸರಿ, ಕರೆಂಟು ಸರಿ. ಕೊನೆಗೆ ಸೊಂಟದಿಂದ ಅಪ್ಪನ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಟ್ರಾನ್ಸ್‌ಡ್ಯೂಸರಿನ ಕಂಚಿನ ತಿರುಪಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿದಳು. ಟಿಕ್, ಟಿಕ್, ಟಿಕ್. ಗಡಿಯಾರದ ಹಾಗೆ ಸ್ಪಷ್ಟ. ಅಂದರೆ ಬಾಯಿ ಕೂಗುತ್ತಿದೆ. ಕೂಗಿದ್ದು ಹೊರಗೆ ಹೋಗುತ್ತಿಲ್ಲ. ಯಾಕೆ?

ಅವಳಿಗೆ ಹೊಳೆಯಿತು. ತಲೆ ಹೊರಗೆ ಹಾಕಿ ಮಾವನ ಕಣ್ಣಿಗೆ ಕಾಣುವಂತೆ ಕೇಳಿದಳು: "ಮಾವ, ನಿನ್ನೆ ನಾನು ಹೋದ್ಮೇಲೆ ತಳಕ್ಕೆ ಬಣ್ಣ ಬಳಿದ್ರಲ್ಲ, ಇದಕ್ಕೂ ಬಳಿದ್ರಾ?"

"ಮತ್ತೆ?" ಎಂದರು ಮಾವ, ಹೆಮ್ಮೆಯಿಂದ. "ಮೂರು ಕೋಟು. ನೀರಿಗಿಳಿಯೋದನ್ನ ಬರಿಮೈಲಿ ಕಳಿಸ್ತಾರಾ? ಚಿಪ್ಪು ಹುಳ ಹತ್ತಲ್ವಾ? ಅದಕ್ಕೆ ಎಲ್ಲಕ್ಕಿಂತ ದಪ್ಪ ಬಳಿದೀನಿ, ಹೊಸದು ಅಂತ."

ತಳದಲ್ಲಿ ಏನಿದ್ದರೂ ಮೂರು ಕೋಟು ದಪ್ಪ ಬಣ್ಣ, ಅದು ಆ ಬಂದರಿನ ಶಾಸನ. ಟ್ರಾನ್ಸ್‌ಡ್ಯೂಸರಿನ ಮುಖಕ್ಕೆ ಮಾತ್ರ ದಪ್ಪ ಬಣ್ಣ ಬಳಿಯಬಾರದು, ದನಿ ಹೊರಗೆ ಹೋಗದು ಎಂದು ಬೇರೆ ಎಲ್ಲರಿಗೂ ಹೇಳುವವಳು, ಮನೆಯವರಿಗೆ ಹೇಳುವುದನ್ನೇ ಮರೆತಿದ್ದಳು. ನಗಬೇಕೋ ಅಳಬೇಕೋ ತಿಳಿಯದೆ ಅವಳು ನಕ್ಕುಬಿಟ್ಟಳು. ಡ್ರೈವರಣ್ಣನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಗಂಡ ನಗಲಿಲ್ಲ, ಆದರೆ ಅಂಗಿ ಬಿಚ್ಚಿದ. "ಕೊಡು ಆ ಕೆರೆಯೋ ಪಟ್ಟಿ, ನಾನೇ ಕೆರೆದು ಬರ್ತೀನಿ" ಎಂದು ಅವಳ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಪಟ್ಟಿ ತೆಗೆದುಕೊಂಡು ನೀರಿಗೆ ಧುಮುಕಿದ.

ಇತ್ತ ಮಾವ ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನೇ ನೋಡುತ್ತಿದ್ದರು.

"ಅದ್ಯಾಕೆ ಬಾಯಲ್ಲಿ ಕಚ್ಕೊಂಡಿದ್ದೆ?"

ಅವಳು ಅವರ ಕೈ ಹಿಡಿದು ಕೆಳಗೆ ಇಳಿಸಿಕೊಂಡಳು. ತುದಿಯನ್ನು ಕಂಚಿಗೆ ತಾನೇ ಒತ್ತಿ ಹಿಡಿದು, ಹಿಡಿಯನ್ನು ಅವರ ಬಾಯಿಗೆ ಕೊಟ್ಟಳು. ಅಜ್ಜ ಕಚ್ಚಿದರು. ಬಾಟಲಿ ಮುಚ್ಚಳ ತೆಗೆಯುವ ಆ ಗಟ್ಟಿ ಹಲ್ಲುಗಳು ಮರವನ್ನು ಹಿಡಿದವು. ಮುಖದಲ್ಲಿ ಮೊದಲು ಏನೂ ಇರಲಿಲ್ಲ. ಆಮೇಲೆ ಹುಬ್ಬು ಮೇಲೇರಿತು.

"ಟಿಕ್ ಟಿಕ್ ಅಂತಿದೆ" ಎಂದರು, ಹಿಡಿಯನ್ನು ಬಿಡದೆಯೇ, ತೊದಲುತ್ತಾ. "ಇನ್ನೊಂದೇನೋ ಕರಕರ ಅಂತಿದೆ."

"ಅದು ನಿಮ್ಮ ಮಗ ಕೆರೀತಿರೋದು ಮಾವ."

ಒಂದು ವರ್ಷದಿಂದ ಗೋಡೆ ಗಡಿಯಾರದ ಸದ್ದೂ ಕೇಳಿಸದಿದ್ದ ಮನುಷ್ಯ ಇನ್ನೊಮ್ಮೆ ಗಟ್ಟಿಯಾಗಿ ಕಚ್ಚಿ ಕೇಳಿದರು. ಆಮೇಲೆ ಮೇಲೆ ಹತ್ತಿ, ಅಂಚಿನಲ್ಲಿ ಕಟ್ಟಿದ್ದ ಹಳೆಯ ಹುಟ್ಟನ್ನು ಬಿಚ್ಚಿ ನೀರಿಗೆ ಇಳಿಬಿಟ್ಟರು. ಈ ಸಲ ಕಿವಿ ಆನಿಸಲಿಲ್ಲ. ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದರು.

ಅವಳು ಪರದೆಯ ಬಳಿ ಹೋಗಿ ಯಂತ್ರವನ್ನು ಆರಿಸಿದಳು. ವಾರವೆಲ್ಲ ಬೆವರು ಸುರಿಸಿ ಕೂರಿಸಿದ ಯಂತ್ರ. ಅದರ ಟಿಕ್ ಟಿಕ್ ಈಗ ಅಡ್ಡ ಬರಬಾರದಲ್ಲ. ಡ್ರೈವರಣ್ಣನಿಗೆ ಬೆರಳಿನಲ್ಲೇ ಸುಮ್ಮನಿರಲು ಸನ್ನೆ ಮಾಡಿದಳು. ಆತ ಪಾಪ, ಬಾಯಲ್ಲಿದ್ದ ಅಡಿಕೆಯನ್ನೂ ಅಗಿಯದೆ ನಿಂತ.

ಗಂಡ ಕೆರೆದು ಮುಗಿಸಿ ತಲೆ ಎತ್ತಿದ್ದು ಹುಟ್ಟಿನ ಪಕ್ಕದಲ್ಲೇ. ಮೇಲೆ ಹತ್ತಲು ಕೈ ಚಾಚಿದವನು ಅಪ್ಪನನ್ನು ನೋಡಿ ಅಂಚು ಹಿಡಿದು ನೀರಿನಲ್ಲೇ ಉಳಿದ. ಅಪ್ಪ ಹುಟ್ಟು ಕಚ್ಚಿ ಕೂತಿದ್ದಾರೆ, ಮುಚ್ಚಿದ ಕಣ್ಣಿಂದ ನೀರು ಇಳಿದು ಮೀಸೆಗೆ ಸೇರುತ್ತಿದೆ. ಅವನು ಹೆಂಡತಿಯತ್ತ ನೋಡಿದ. ಇನ್ನು ಬಚ್ಚಿಟ್ಟು ಫಲವಿಲ್ಲ ಎನಿಸಿತು ಅವಳಿಗೆ.

"ಅವ್ರಿಗೆ ಕಿವಿ ಕೇಳ್ಸಲ್ಲ ರೀ" ಎಂದಳು. "ಒಂದು ವರ್ಷ ಆಯ್ತು. ನೀವು ದಡದಲ್ಲಿ ಕೂರಿಸ್ತೀರಿ ಅಂತ ಹೇಳಿರ್ಲಿಲ್ಲ. ಒಳಗಿನ ನರ ಚೆನ್ನಾಗಿದೆ, ಹಲ್ಲಿಗೆ ಕೇಳ್ಸತ್ತೆ. ಈಗಷ್ಟೇ ಗೊತ್ತಾಯ್ತು."

ಒಂದು ವರ್ಷ ಅಪ್ಪನ ಬೆನ್ನ ಹಿಂದೆ ಆಡಿದ ಮಾತುಗಳೆಲ್ಲ ನೆನಪಾದವೋ ಏನೋ, ಅವನು ಮುಖಕ್ಕೆ ಎರಡು ಬೊಗಸೆ ನೀರು ಹಾಕಿಕೊಂಡ. ಆಮೇಲೆ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಗದ್ದವನ್ನು ಮರಕ್ಕೆ ಒತ್ತಿ, ತುಟಿ ತಾಗಿಸಿ ಕೇಳಿದ:

"ಅಪ್ಪಾ, ಯಾವ ಕಡೆ?"

ಬಲೆ ಖಾಲಿ ಬರತೊಡಗಿದ ಮೇಲೆ ಅವನು ಅಪ್ಪನಿಗೆ ಆ ಪ್ರಶ್ನೆ ಹಾಕುವುದನ್ನೇ ಬಿಟ್ಟಿದ್ದ. ಅಜ್ಜ ಬೆಚ್ಚಿ ಕಣ್ಣು ಬಿಟ್ಟರು.

"ಯಾಕೋ ಹಾಗೆ ಕೂಗ್ತೀಯ?" ಎಂದರು ಹುಟ್ಟನ್ನು ಬಾಯಿಂದ ತೆಗೆದು. "ಮೀನು ಓಡಿ ಹೋಗತ್ತೆ. ಬಲಕ್ಕೆ, ಸ್ವಲ್ಪ ಮುಂದೆ. ದೊಡ್ಡ ಗುಂಪಿದೆ, ನಿಮ್ಮಮ್ಮನ ಹಾಗೇ ಗೊರಕೆ ಹೊಡೀತಿವೆ."

ಗಂಡ ಹತ್ತಿ ಬಂದು ಒದ್ದೆ ಮೈಯಲ್ಲೇ ಚುಕ್ಕಾಣಿ ಹಿಡಿದ. ಬಲಕ್ಕೆ, ಸ್ವಲ್ಪ ಮುಂದೆ. ಅಲ್ಲಿಗೆ ಹೋಗಿ ಅವಳು ಯಂತ್ರ ಹಾಕಿದಳು. ಆಳ ಹದಿನೆಂಟು ಮಾರು, ತಳ ಗೆರೆ ಎಳೆದಷ್ಟು ಸ್ವಚ್ಛ. ಅದರ ಮೇಲೆ ಬಿಲ್ಲು ಬಿಲ್ಲಾಗಿ, ಒಂದರ ಪಕ್ಕ ಒಂದು, ಎಣಿಸಲಾಗದಷ್ಟು. ಮಾವ ಅವಳ ಹೆಗಲ ಮೇಲಿಂದ ಬಗ್ಗಿ ಪರದೆ ನೋಡಿ, ಎಷ್ಟೋ ವರ್ಷದ ಗೆಳೆಯನನ್ನು ಗುರುತು ಹಿಡಿದವರಂತೆ ತಲೆದೂಗಿದರು.

"ಪರವಾಗಿಲ್ಲ" ಎಂದರು. "ನಿನ್ ಮಿಷನ್ನೂ ಸರಿಯಾಗೇ ಹೇಳತ್ತೆ."

ಬಲೆ ಎಳೆಯಲು ನಾಲ್ವರೂ ಕೈ ಹಾಕಬೇಕಾಯಿತು. ಡ್ರೈವರಣ್ಣ ದಡ ಮುಟ್ಟುವ ಮೊದಲೇ ಫೋನಿನಲ್ಲಿ ಊರಿಗೆಲ್ಲ ಸುದ್ದಿ ಮುಟ್ಟಿಸಿದ್ದ, ಮೂರು ಕೋಟಿನ ಕಥೆಯನ್ನು ಏಳು ಕೋಟು ಮಾಡಿ. ಬಂದರಿನ ಜನ ನಗಲು ತಯಾರಾಗಿಯೇ ನಿಂತಿದ್ದರು. ಅಜ್ಜ ಇಳಿಯುತ್ತಲೇ ತಾವೇ ಶುರುಮಾಡಿದರು: "ಹೌದಪ್ಪಾ, ಕಿವಿ ಹೋಗಿದೆ. ಇನ್ಮೇಲೆ ಹಲ್ಲಜ್ಜ ಅನ್ನಿ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ನನಗೆ ನೋಡಿ, ಎರಡೂ ಒಟ್ಟಿಗೇ ಸಿಕ್ಕಿದೆ." ನಗಲು ಬಂದವರು ನಕ್ಕರು, ಆದರೆ ಅವರ ಜೊತೆಗೆ ನಕ್ಕರು. ಅತ್ತೆ ಮಾತ್ರ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಾನು ಒಂದು ವರ್ಷ ಬೈದಿದ್ದೆಲ್ಲ ದಂಡವಾಯ್ತಲ್ಲ" ಎಂದರು.

ಸೋಮವಾರ ಬೆಳಿಗ್ಗೆ ಅವಳು ಅಂಗಡಿ ತೆರೆದು ಪೆಟ್ಟಿಗೆ ನೋಡಿದರೆ ಅಪ್ಪನ ಸ್ಕ್ರೂಡ್ರೈವರ್ ಇಲ್ಲ. ಎಲ್ಲಿದೆ ಎಂದು ಯೋಚಿಸಬೇಕಾಗಿರಲಿಲ್ಲ. ಓಡೋಡಿ ದೋಣಿಯ ಬಳಿಗೆ ಹೋದಳು. ಗಂಡ ಇನ್ನೂ ಹಗ್ಗ ಬಿಚ್ಚುತ್ತಿದ್ದ. ಮಾವ ಎಲ್ಲರಿಗಿಂತ ಮೊದಲೇ ಬಂದು ದೋಣಿಯ ಮೂತಿಯಲ್ಲಿ ತಮ್ಮ ಜಾಗದಲ್ಲಿ ಕೂತಿದ್ದರು. ಮಡಿಲಲ್ಲಿ ಹುಟ್ಟು, ಸೊಂಟದಲ್ಲಿ ಅವಳ ಸ್ಕ್ರೂಡ್ರೈವರ್.

"ಮಾವ, ಅದು ನಂದು, ಕೊಡಿ" ಎಂದಳು ಅವಳು ದಡದಿಂದ.

ಒಂದು ವರ್ಷ ಯಾರಿಗೂ ಗೊತ್ತಾಗಬಾರದೆಂದು ಪ್ರಾಣದ ಹಾಗೆ ಬಚ್ಚಿಟ್ಟುಕೊಂಡಿದ್ದವರು, ಈಗ ಬಂದರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದರು:

"ಏನಮ್ಮಾ? ನಂಗೆ ಕಿವಿ ಕೇಳ್ಸಲ್ಲ."

ಹಾಗೆಂದು ಮಗನಿಗೆ ಕೈ ಬೀಸಿದರು. ಇಂಜಿನ್ ಶುರುವಾಗಿ ದೋಣಿ ದಡ ಬಿಟ್ಟಿತು.